ಕುಂಕುಮ ತಪ್ಪಿಸಿಕೊಂಡ ಸ್ಕ್ರೂ ಡ್ರೈವರ್

ಎರಡು ವರ್ಷದ ಹಿಂದಿನ ಮಾತು. ದಸರೆಯ ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ ದಿನ, ಹಾನಗಲ್ಲಿನ ನಮ್ಮ ಮನೆಯಲ್ಲಿ, ಹೋಳಿಗೆ ಊಟಕ್ಕೆ ಎಲೆ ಹಾಕುವ ಹೊತ್ತಿಗೆ ನಡೆದದ್ದು. ಈಗಲೂ ನೆನೆಸಿಕೊಂಡರೆ ಒಬ್ಬಳೇ ನಗುತ್ತೇನೆ. ಮನೆಯಲ್ಲಿ ನೆನಪಾದರೆ ಪರವಾಗಿಲ್ಲ. ಬಸ್ಸಿನಲ್ಲಿ ನೆನಪಾದರೆ ಪಕ್ಕದವರು ಸ್ವಲ್ಪ ಸರಿದು ಕೂರುತ್ತಾರೆ.

ಅದಕ್ಕೂ ಮೊದಲು ನಮ್ಮ ಕಾರ್ ಶೆಡ್ಡಿನ ಕಥೆ ಹೇಳಬೇಕು. ನಮ್ಮ ಮನೆಯವರಿಗೆ ಶಿಗ್ಗಾವಿಯ ಒಂದು ಕಚೇರಿಯಲ್ಲಿ ನೌಕರಿ. ಮನೆ ಕಟ್ಟಿಸುವಾಗ ನಾನು ಅಡುಗೆಮನೆ ದೊಡ್ಡದಿರಲಿ ಅಂದೆ, ಅತ್ತೆ ದೇವರ ಕೋಣೆ ದೊಡ್ಡದಿರಲಿ ಅಂದರು, ಇವರು ಮಾತ್ರ ಕಾರ್ ಶೆಡ್ಡು ದೊಡ್ಡದಿರಲಿ ಎಂದು ಹಟ ಹಿಡಿದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ ಶಟರ್ ಇರುವ ಶೆಡ್ಡು ಎದ್ದು ನಿಂತಿತು. ಕಾರು ಇವತ್ತಿನವರೆಗೂ ಬಂದಿಲ್ಲ. ಮುರಿದ ಮಂಚ, ಭತ್ತದ ಖಾಲಿ ಚೀಲಗಳು, ಟಿವಿ ಬಂದಿದ್ದ ರಟ್ಟಿನ ಡಬ್ಬಿ, ಕಾಲೇಜಿಗೆ ಹೋಗುವ ಮಗನ ಮೂರು ಗಾಲಿಯ ಸೈಕಲ್ಲು, ಇವೆಲ್ಲ ಅಲ್ಲಿ ಆರಾಮವಾಗಿ ಸಂಸಾರ ಹೂಡಿದ್ದವು.

ನನ್ನ ತವರು ಸವಣೂರು. ಮನೆಯ ಎದುರಿಗೇ ಕರೀಂ ಚಾಚಾ ಎನ್ನುವವರ ಬಡಗಿ ಅಂಗಡಿ ಇತ್ತು. ಶಾಲೆ ಬಿಟ್ಟ ಕೂಡಲೇ ನಾನು ಅಲ್ಲಿ ಹೋಗಿ ಕಟ್ಟಿಗೆ ಹೊಟ್ಟಿನ ಗುಡ್ಡೆಯ ಮೇಲೆ ಕೂರುತ್ತಿದ್ದೆ. ಸಾಗವಾನಿ ಕೊಯ್ದಾಗ ಬರುವ ವಾಸನೆ ನನಗೆ ಮಲ್ಲಿಗೆಗಿಂತ ಇಷ್ಟ. ಮದುವೆಯಾಗಿ ಹಾನಗಲ್ಲಿಗೆ ಬಂದ ಮೇಲೆ ಬಟ್ಟೆ ಹೊಲಿಯುತ್ತ ಕಾಲ ಕಳೆದೆ. ಹೊಲಿಗೆ ಮಷಿನ್ ಕೆಟ್ಟರೆ ನಾನೇ ಬಿಚ್ಚಿ ನಾನೇ ಜೋಡಿಸುತ್ತಿದ್ದೆ. ಹಾಗೆ ಬಿಚ್ಚುವಾಗೆಲ್ಲ ನನಗೂ ಒಂದು ಟೇಬಲ್ಲು, ಒಂದಿಷ್ಟು ಸಾಮಾನು, ಬಾಗಿಲು ಹಾಕಿಕೊಂಡು ಕೆಲಸ ಮಾಡಲು ಒಂದು ಜಾಗ ಇದ್ದರೆ ಎಷ್ಟು ಚೆಂದ ಅನ್ನಿಸುತ್ತಿತ್ತು. ಒಂದು ದಿನ ಊಟಕ್ಕೆ ಕುಳಿತಾಗ ಧೈರ್ಯ ಮಾಡಿ ಕೇಳಿಯೇ ಬಿಟ್ಟೆ.

"ಆ ಶೆಡ್ಡ್ ನಂಗ ಕೊಡ್ರಿ. ಕಟ್ಟಿಗಿ ಕೆಲಸಾ, ರಿಪೇರಿ, ಎಲ್ಲಾ ಅಲ್ಲೇ ಮಾಡಕೋತೇನಿ."

"ಕಾರ್ ಬಂದ್ರ ಏನ ಮಾಡತಿ?" ಅಂದರು ಇವರು.

"ಬಂದ ದಿನಾನ ಬಿಟ್ಟು ಕೊಡ್ತೇನಿ."

ಇಷ್ಟು ಭದ್ರವಾದ ಕರಾರು ಇನ್ನೊಂದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆದರೆ ಅತ್ತೆ ಮಜ್ಜಿಗೆ ಲೋಟ ಕೆಳಗಿಟ್ಟರು. ಅವರ ತವರು ಹಿರೇಕೆರೂರಿನ ಹತ್ತಿರದ ಹಳ್ಳಿ. ಅಲ್ಲಿಂದ ಅವರ ತಮ್ಮ ಒಂದು ಎಮ್ಮೆ ಕೊಡುತ್ತೇನೆ ಎಂದು ಹೇಳಿ ಆಗಿತ್ತಂತೆ, ಅತ್ತೆ ಅದನ್ನು ಆ ಶೆಡ್ಡಿನಲ್ಲಿ ಕಟ್ಟುವುದು ಎಂದು ಮನಸ್ಸಿನಲ್ಲೇ ಗೂಟ ಹೊಡೆದೂ ಆಗಿತ್ತಂತೆ. ನಮಗೆ ಗೊತ್ತಾದದ್ದು ಆವಾಗಲೇ.

"ಹಾಲು ಕೊಡೂದು ಬಿಟ್ಟು ಹೊಟ್ಟು ಕೊಡೂದನ್ನ ಕಟಗೊಂಡು ಏನ ಮಾಡತಿ ರೇಣವ್ವಾ?" ಅಂದರು.

ಕೊನೆಗೆ ಅವರೇ ಒಂದು ತೀರ್ಮಾನ ಕೊಟ್ಟರು. ದಸರೆಯವರೆಗೆ ಶೆಡ್ಡು ನನ್ನದು. ಅಷ್ಟರೊಳಗೆ ಅದರಿಂದ ಮನೆಗೆ ಒಂದಾದರೂ ಉಪಯೋಗ ಕಂಡರೆ ಮುಂದೆಯೂ ನನ್ನದು. ಇಲ್ಲದಿದ್ದರೆ ಬನ್ನಿ ಹಬ್ಬ ಮುಗಿದ ಮರುದಿನ ಎಮ್ಮೆ ಬರುತ್ತದೆ. ಉಪಯೋಗವೋ ಅಲ್ಲವೋ ಎಂದು ಹೇಳುವವರೂ ಅತ್ತೆಯೇ.

ಮರುದಿನವೇ ಸೆರಗು ಕಟ್ಟಿ ಇಳಿದೆ. ಹಳೆಯದನ್ನೆಲ್ಲ ಸಾಗಿಸಿ, ನೆಲಕ್ಕೆ ಸಿಮೆಂಟ್ ಹಾಕಿಸಿ, ಗೋಡೆಗೆ ಸುಣ್ಣ ಬಳಿಸಿದೆ. ಎರಡು ಪ್ಲಗ್ಗು, ಒಂದು ಒಳ್ಳೆಯ ಲೈಟು ಹಾಕಿಸಿದೆ. ಕೆಡವಿದ ಹಳೆಯ ಮನೆಯ ಸಾಗವಾನಿ ಬಾಗಿಲೊಂದು ಅಟ್ಟದ ಮೇಲಿತ್ತು. ಅದನ್ನೇ ಟೇಬಲ್ ಮಾಡಬೇಕೆಂದು ಕರೀಂ ಚಾಚಾಗೆ ಫೋನ್ ಮಾಡಿದರೆ, ಆ ವಯಸ್ಸಿನಲ್ಲೂ ಬಸ್ ಹತ್ತಿ ಬಂದರು. ಅವರ ಚೀಲದೊಳಗೆ ಒಂದು ಬೆಂಚ್ ವೈಸ್ ಇತ್ತು, ಅಂದರೆ ಕೊಯ್ಯುವ ಸಾಮಾನನ್ನು ಅಲುಗಾಡದಂತೆ ಕಚ್ಚಿ ಹಿಡಿಯುವ ಕಬ್ಬಿಣದ ದವಡೆ. ಟೇಬಲ್ಲಿನ ಎತ್ತರ ಅಳೆಯಲು ಇವರು ಟೇಪು ಹಿಡಿದು ನಿಂತಿದ್ದರು. ಚಾಚಾ ಟೇಪು ಬದಿಗಿಟ್ಟು ನನ್ನನ್ನು ನೆಟ್ಟಗೆ ನಿಲ್ಲಿಸಿದರು.

"ನಿನ್ನ ಮಣಿಕಟ್ಟಿಗೆ ಸರಿ ಇರಬೇಕು ಬೇಟಿ, ನಿನ್ನ ಗಂಡನ ಎತ್ತರಕ್ಕಲ್ಲ. ಕೆಲಸಾ ಮಾಡಾಕಿ ನೀನು," ಅಂದರು.

ನನ್ನ ಅಳತೆಗೆಂದೇ ಮಾಡಿದ ವಸ್ತು ನಮ್ಮ ಮನೆಯಲ್ಲಿ ಅದೇ ಮೊದಲನೆಯದು. ಅವತ್ತು ಆ ಟೇಬಲ್ಲಿನ ಮೇಲೆ ಕೈಯಾಡಿಸುತ್ತ ಅಡುಗೆ ಮಾಡುವುದನ್ನೇ ಮರೆತೆ.

ಆಮೇಲೆ ಸವಣೂರಿನಿಂದ ಕೆಲವು, ಹುಬ್ಬಳ್ಳಿಯಿಂದ ಕೆಲವು ಸಾಮಾನು ಬಂದವು. ಕರಗಸ, ಉಳಿ, ಕಟ್ಟಿಗೆ ಹೆರೆಯುವ ರಂಧಾ, ಪಕ್ಕಡ, ನಟ್ಟು ತಿರುಗಿಸುವ ಪಾನಾ, ಒಂದು ಡ್ರಿಲ್ ಮಷಿನ್, ಸಣ್ಣದು ದೊಡ್ಡದು ಸ್ಕ್ರೂ ಡ್ರೈವರುಗಳು. ಗೋಡೆಗೆ ಪ್ಲೈವುಡ್ ಹಲಗೆ ಹೊಡೆದು ಎಲ್ಲವನ್ನೂ ಅದಕ್ಕೆ ತೂಗುಹಾಕಿದೆ. ಯಾವ ಸಾಮಾನು ಎಲ್ಲಿ ಎಂದು ತಿಳಿಯಲು ಪ್ರತಿಯೊಂದರ ಸುತ್ತ ನೀಲಿ ಬಣ್ಣದಿಂದ ಅದರ ಆಕಾರ ಬರೆದೆವು. ಸಾಮಾನು ತೆಗೆದರೆ ಅದರ ನೆರಳಿನಂತೆ ಗೆರೆ ಉಳಿಯುತ್ತದೆ, ಏನು ಕಾಣೆಯಾಗಿದೆ ಎಂದು ತಕ್ಷಣ ಗೊತ್ತಾಗುತ್ತದೆ. ಬರೆದದ್ದು ನಮ್ಮ ಮನೆಯವರು. ಅವರ ಕೈಯಲ್ಲಿ ಪಕ್ಕಡ ಏಡಿಯಾಗಿತ್ತು, ಕರಗಸ ಮೊಸಳೆಯಾಗಿತ್ತು. ಇರಲಿ, ಗಂಡಸು ಒಂದು ಕೆಲಸ ಮಾಡಿದ್ದಾರೆ ಎಂದು ಹೊಗಳಿದೆ.

ಅತ್ತೆಯ ಕೋಣೆಯ ಒಂದು ಕಿಟಕಿ ಈ ಶೆಡ್ಡಿನ ಕಡೆಗೆ ತೆರೆಯುತ್ತದೆ. ಮೊದಲು ಬೀದಿಯ ಕಡೆ ಇರುತ್ತಿದ್ದ ಅವರ ಕುರ್ಚಿ ಮೆಲ್ಲಗೆ ಆ ಕಿಟಕಿಗೆ ಬಂತು. ಬೆಳಗಿನಿಂದ ಸಂಜೆಯವರೆಗೆ ಸರಳುಗಳ ಹಿಂದಿನಿಂದ ಟೀಕೆ. "ಆ ಮೊಳಿ ಸೊಟ್ಟ ಹೊಂಟೈತಿ." "ಅಷ್ಟ ಜೋರ್ ಹೊಡದ್ರ ಅದಕ್ಕ ನೋವಾಗೂದಿಲ್ಲೇನು." ನಾನು ಮೊದಲ ಸಲ ಒಂದು ಸ್ಟೂಲ್ ಮಾಡಿ ಅವರ ಮುಂದೆ ತಂದಿಟ್ಟೆ. ಅದರ ಒಂದು ಕಾಲು ಮಾತ್ರ ಯಾವಾಗಲೂ ಊರಿಗೆ ಹೊರಟಂತೆ ಮೇಲೇ ಇರುತ್ತಿತ್ತು. ಅತ್ತೆ ಒಮ್ಮೆ ಕುಳಿತು ಎದ್ದರು.

"ಚಲೋ ಐತವ್ವಾ. ಇದರ ಮ್ಯಾಲ ಕುಂತ್ರ ತಾನ ದೇವರ ನೆನಪಾಕ್ಕೈತಿ."

ಹೀಗೆ ಸ್ಟೂಲು ಲೆಕ್ಕಕ್ಕೆ ಬರಲಿಲ್ಲ. ಅಡುಗೆಮನೆಗೆ ಒಂದು ಶೆಲ್ಫ್ ಮಾಡಿದೆ. "ಡಬ್ಬಿ ಇಡಾಕ ನೆಲಾ ಇರಲಿಲ್ಲೇನು?" ಅಂದರು. ದಸರೆ ಹತ್ತಿರ ಬಂತು. ಅದರ ನಡುವೆ ಹಳದಿ ಹಿಡಿಕೆಯ ಒಂದು ಸ್ಕ್ರೂ ಡ್ರೈವರ್ ಕಾಣೆಯಾಯಿತು. ಹಲಗೆಯ ಮೇಲೆ ಅದರ ನೀಲಿ ಗೆರೆ ಮಾತ್ರ ಉಳಿಯಿತು. ಹುಡುಕಿದೆ, ಇವರನ್ನು ಬೈದೆ, ಇವರು ಬೆಕ್ಕಿನ ಮೇಲೆ ಅನುಮಾನ ಪಟ್ಟರು. "ಸಾಮಾನ ಕಾಯಾಕ ಬರೂದಿಲ್ಲ, ಶೆಡ್ಡ್ ಬೇಕಂತ," ಎಂದು ಕಿಟಕಿಯಿಂದ ಬಂತು.

ಖಂಡೆ ಪೂಜೆಯ ದಿನ ಬೆಳಗ್ಗೆ ಸಾಮಾನುಗಳನ್ನೆಲ್ಲ ಒರೆಸಿ, ಟೇಬಲ್ಲಿನ ಮೇಲೆ ಜಮಖಾನೆ ಹಾಸಿ ಸಾಲಾಗಿ ಇಟ್ಟೆ. ಕುಡಗೋಲು, ಕೊಡಲಿ, ಈಳಿಗೆ ಮಣೆ, ನನ್ನ ಹೊಲಿಗೆಯ ಕತ್ತರಿ, ಎಲ್ಲವೂ ಅಲ್ಲಿಗೇ ಬಂದವು. ಅತ್ತೆ ತಾವೇ ನಿಂತು ಪೂಜೆ ಮಾಡಿಸಿದರು. ಒಂದೊಂದಕ್ಕೂ ಅರಿಶಿನ ಕುಂಕುಮ ಹಚ್ಚಿ, ಹೂ ಏರಿಸಿ, ಕಾಯಿ ಒಡೆಸಿ, ಕಡೆಗೆ ಎಲ್ಲರಿಗೂ ಕೇಳುವಂತೆ ಹೇಳಿದರು:

"ಕುಂಕುಮಾ ಬಿದ್ದೈತಿ. ನಾಳೆ ಬನ್ನಿ ಮುಡಿಯೂತನಕಾ ಯಾರೂ ಇವನ್ನ ಮುಟ್ಟಂಗಿಲ್ಲ. ಇವತ್ತ ಇವು ದೇವರು."

ಇದು ನಮ್ಮ ಕಡೆ ಎಲ್ಲರ ಮನೆಯ ಪದ್ಧತಿ. ವರ್ಷವಿಡೀ ದುಡಿದ ಸಾಮಾನಿಗೆ ಒಂದು ದಿನದ ರಜೆ. ನಾನೂ ಕೈ ಮುಗಿದು ಒಳಗೆ ಹೋಗಿ ಎಲೆ ಹಾಕತೊಡಗಿದೆ. ಅಷ್ಟರಲ್ಲಿ ಎಮ್ಮೆಯ ದಿನ ಗೊತ್ತು ಮಾಡಲು ಅತ್ತೆಯ ತಮ್ಮ ಬಸಣ್ಣ ಮಾವ ಹಿರೇಕೆರೂರಿನಿಂದ ಬಂದಿಳಿದರು. "ಅಕ್ಕ ಎಲ್ಲಿ?" ಎಂದು ಅವರು ಕೇಳುವುದಕ್ಕೂ, ಅತ್ತೆಯ ಕೋಣೆಯಿಂದ ಬಾಗಿಲು ಬಡಿಯುವ ಸದ್ದು ಕೇಳುವುದಕ್ಕೂ ಸರಿಹೋಯಿತು.

ಅತ್ತೆ ಒಳಗೆ ಸಿಕ್ಕಿಹಾಕಿಕೊಂಡಿದ್ದರು. ಆ ಬಾಗಿಲು ಹಾಕಿದರೆ ತಾನೇ ಕಚ್ಚಿಕೊಳ್ಳುತ್ತದೆ, ಹಿಡಿಕೆ ತಿರುಗಿಸಿದರೆ ಮಾತ್ರ ಬಿಡುತ್ತದೆ. ಹಿಡಿಕೆ ಬಹಳ ದಿನದಿಂದ ಸಡಿಲವಾಗಿ ಗಡಗಡ ಅನ್ನುತ್ತಿತ್ತು. ಅತ್ತೆ ಮಗನಿಗೆ ಹೇಳುವುದು, ಮಗ ನಾಳೆ ಮಾಡಿಸುತ್ತೇನೆ ಅನ್ನುವುದು, ಹೀಗೇ ನಡೆದಿತ್ತು. ಓಣಿಯವರ ಕುರ್ಚಿ ಮೇಜು ರಿಪೇರಿ ಮಾಡುತ್ತಿದ್ದ ನಾನೂ ಅದರ ಕಡೆ ನೋಡಿರಲಿಲ್ಲ. ದೀಪದ ಕೆಳಗೆ ಕತ್ತಲು ಅನ್ನುವುದು ಸುಳ್ಳಲ್ಲ. ಈಗ ಒಳಗಿನ ಹಿಡಿಕೆ ಕಳಚಿಬಂದಿತ್ತು, ಹೊರಗಿನದು ಸುಮ್ಮನೆ ಗರಗರ ತಿರುಗುತ್ತಿತ್ತು.

"ಒಂದ ಸ್ಕ್ರೂ ಡ್ರೈವರ್ ತರತೇನಿ, ಬಿಚ್ಚೇ ಬಿಡೂಣು," ಎಂದು ಇವರು ಶೆಡ್ಡಿನ ಕಡೆ ಹೊರಟರು.

"ಯಾರರ ಮುಟ್ಟೀರಿ, ನೋಡ್ರಿ ಮತ್ತ," ಎಂದು ಒಳಗಿನಿಂದ ಗುಡುಗು ಬಂತು. "ದೇವರಾಗಿ ಕುಂತಾವು. ನಾ ನಾಳಿತನಕಾ ಇಲ್ಲೇ ಇರ್ತೇನಿ. ಸಾಯಂಗಿಲ್ಲ."

ಇವರು ಗುರುತಿನ ಬಡಗಿಗೆ ಫೋನ್ ಮಾಡಿದರು. ಅವನ ಸಾಮಾನೂ ಪೂಜೆಗೆ ಕುಳಿತಿದ್ದವು. ಬೀಗ ರಿಪೇರಿಯವನಿಗೆ ಮಾಡಿದರೆ ಅವನೂ ಅದನ್ನೇ ಹೇಳಿದ. ಪಕ್ಕದ ಮನೆಯಲ್ಲಿ ಕೇಳಿದೆವು, ಅಲ್ಲಿ ಒಂದು ಚಾಕು ಸಹ ಹೊರಗಿರಲಿಲ್ಲ. ಊರಿನ ಕಬ್ಬಿಣವೆಲ್ಲ ಅವತ್ತು ಹೂ ಮುಡಿದು ಕೂತಿತ್ತು. ಬಸಣ್ಣ ಮಾವ ಜಮಖಾನೆಯ ಮೇಲೆ ಹೊಳೆಯುತ್ತಿದ್ದ ನನ್ನ ಸಾಮಾನುಗಳನ್ನು ಒಂದು ಸಲ ನೋಡಿದರು.

"ಅಲ್ಲವ್ವಾ, ಬೇಕಾದಾಗ ಕೈಗೆ ಬರದಿದ್ರ ಇಷ್ಟೆಲ್ಲಾ ಇಟಗೊಂಡು ಏನ ಬಂತು? ಎಮ್ಮಿ ಆದ್ರ ಖಂಡೆ ಪೂಜಿ ದಿನಾನೂ ಹಾಲ ಕೊಡತೈತಿ. ನಾಡಿದ್ದ ಕಳಸ್ತೇನಿ ಬಿಡ್ರಿ," ಅಂದರು.

ಅವರು ಕೆಟ್ಟದ್ದಕ್ಕೆ ಹೇಳಲಿಲ್ಲ. ಆದರೆ ಮಾತು ನಿಜವಾಗಿತ್ತು. ಉಪಯೋಗ ತೋರಿಸಲು ಇಷ್ಟು ದಿನ ಕಾದೆ, ನಿಜವಾಗಿ ಬೇಕಾದ ಹೊತ್ತಿಗೆ ಎಲ್ಲವೂ ಕಣ್ಣೆದುರಿಗಿದ್ದೂ ಇಲ್ಲದಂತಾಯಿತು. ಮಣಿಕಟ್ಟಿನ ಎತ್ತರದ ಆ ಟೇಬಲ್ಲಿಗೆ ಎಮ್ಮೆ ಮೈ ಉಜ್ಜುತ್ತ ನಿಂತಂತೆ ಕಾಣಿಸಿತು.

ಹಬ್ಬದ ದಿನ ಹಿರಿಯರು ಹಸಿದಿರಬಾರದಲ್ಲ. ಹೋಳಿಗೆ ತಗೊಂಡು ಶೆಡ್ಡಿನ ಕಡೆಯ ಕಿಟಕಿಗೆ ಹೋದೆ. ತಾಟು ಸರಳಿನೊಳಗೆ ಹೋಗಲಿಲ್ಲ. ಹೋಳಿಗೆಯನ್ನು ಮಡಚಿ ಮಡಚಿ ಕೊಟ್ಟೆ, ತುಪ್ಪವನ್ನು ಸಣ್ಣ ಲೋಟದಲ್ಲಿ ದಾಟಿಸಿದೆ. ಅತ್ತೆ ಮಂಚದ ಮೇಲೆ ಕುಳಿತು, ಸಿಕ್ಕಿಹಾಕಿಕೊಂಡವರ ಯಾವ ಲಕ್ಷಣವೂ ಇಲ್ಲದೆ ತಿಂದರು. ಇನ್ನೊಂದು ಕೇಳಿದರು. ನಾನು ಸರಳು ಹಿಡಿದು ಎದುರಿನ ಬಾಗಿಲನ್ನೇ ನೋಡುತ್ತಿದ್ದೆ. ಹಿಡಿಕೆ ಮುರಿದುಬಿದ್ದಂತೆ ಕಾಣಲಿಲ್ಲ, ನೀಟಾಗಿ ನೆಲದ ಮೇಲೆ ಇಟ್ಟಂತಿತ್ತು. ಪಕ್ಕದಲ್ಲೇ ಎರಡೂ ಕಡೆಯ ಹಿಡಿಕೆ ಕೂಡಿಸುವ ಚೌಕ ಸಲಾಕೆ ಬಿದ್ದಿತ್ತು.

"ಅತ್ತಿಯವರ, ಸ್ಕ್ರೂ ಎಲ್ಲಿ ಬಿದ್ದಾವ್ರಿ?"

"ಬಿದ್ದಿಲ್ಲ. ತಗದ ಇಟ್ಟೇನಿ," ಎಂದು ಎಲೆ ಅಡಿಕೆ ಡಬ್ಬಿ ತೆರೆದು ತೋರಿಸಿದರು. ಸುಣ್ಣದ ಡಬ್ಬಿಯ ಪಕ್ಕ ನಾಲ್ಕೂ ಸ್ಕ್ರೂಗಳು ಮಲಗಿದ್ದವು.

"ಕೈಲೆ ಸ್ಕ್ರೂ ಬಿಚ್ಚಾಕ ಬರೂದಿಲ್ಲಲ್ರಿ ಅತ್ತಿಯವರ."

ಅತ್ತೆ ಹೋಳಿಗೆ ಅಗಿಯುವುದನ್ನು ನಿಲ್ಲಿಸಿದರು. ನನ್ನ ಹಿಂದೆ ತಮ್ಮ ಇದ್ದಾನೇನೋ ಎಂದು ಕತ್ತು ಚಾಚಿ ನೋಡಿದರು. ಯಾರೂ ಇಲ್ಲ ಎಂದು ಖಾತ್ರಿಯಾದ ಮೇಲೆ ದಿಂಬು ಎತ್ತಿದರು. ಅಲ್ಲಿ ಹಳದಿ ಹಿಡಿಕೆಯ ನನ್ನ ಸ್ಕ್ರೂ ಡ್ರೈವರ್ ಇತ್ತು.

"ನೀ ಪ್ಯಾಟಿಗೆ ಹೋದಾಗ ತಂದಿದ್ನಿ," ಅಂದರು ತಗ್ಗಿದ ದನಿಯಲ್ಲಿ. "ಮೊದಲ ಚಸ್ಮಾ ಬಿಗಿ ಮಾಡಕೊಂಡ್ನಿ. ಆಮ್ಯಾಲ ಮಂಚಾ ಬಿಗಿ ಮಾಡಿದ್ನಿ. ನಮ್ಮಪ್ಪ ಬಿತ್ತೂ ಕೂರಿಗಿ ಕಟ್ಟುವಾಗ ದಿನಾ ನೋಡಕೋಂತ ಕುಂದರ್ತಿದ್ನಿ. ಹೆಣ್ಣ ಹುಡುಗಿ ಉಳಿ ಮುಟ್ಟಬಾರದು ಅಂತಿದ್ರು. ಈ ಜನ್ಮದಾಗ ನೋಡೂದ ಆತು, ಮುಟ್ಟೂದ ಆಗಲಿಲ್ಲ ಅನಕೊಂಡಿದ್ನಿ. ಒಮ್ಮಿ ಕೈಯಾಗ ಹಿಡದ ಮ್ಯಾಲ ತಿರುಗಿ ಇಡಾಕ ಮನಸ ಬರವಲ್ತು."

ನನಗೆ ನಗು ಬಂತು. ಕಿಟಕಿಗೆ ಕುರ್ಚಿ ಬಂದದ್ದು ಟೀಕೆ ಮಾಡಲು ಎಂದು ತಿಳಿದಿದ್ದೆ. ಕರೀಂ ಚಾಚಾರ ಹೊಟ್ಟಿನ ಗುಡ್ಡೆಯ ಮೇಲೆ ನಾನು ಕುಳಿತಂತೆಯೇ ಅವರೂ ಆ ಕಿಟಕಿಯಲ್ಲಿ ಕುಳಿತಿದ್ದರು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನನಗೆ ಗೊತ್ತಾಗಿರಲಿಲ್ಲ.

"ಮತ್ತ ಇವತ್ತ್ಯಾಕ ಬಿಚ್ಚಾಕ ಹೋದ್ರಿ? ಮುಟ್ಟಬಾರದಂತ ನೀವ ಹೇಳಿದ್ರಿ."

"ಇದಕ್ಕೆಲ್ಲಿ ಕುಂಕುಮಾ ಬಿದ್ದೈತಿ? ಬೀಳದ್ದಕ್ಕ ನಡೀತೈತಿ. ಮಂದಿ ಬರೂದ್ರಾಗ ಹಿಡಿಕಿ ಬಿಗಿ ಮಾಡಿ, ಗಪ್ಪನ ತಂದ ಇಡೂಣು ಅಂತ ಮಾಡಿದ್ನಿ."

ಅವರ ಶಾಸ್ತ್ರದಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ. ನೆಲದ ಮೇಲಿನ ಸಲಾಕೆಯನ್ನು ಕಿಟಕಿಗೆ ತರಿಸಿ ನೋಡಿದೆ. ಅದರ ತುದಿ ಸವೆದು ಗುಂಡಗಾಗಿತ್ತು, ತಿರುಗಿಸಿದರೆ ಬೀಗದ ತೂತಿನಲ್ಲಿ ಹಿಡಿಯುತ್ತಿರಲಿಲ್ಲ. ಹಿಡಿಕೆ ಸಡಿಲವಾಗಿದ್ದದ್ದು ಅದಕ್ಕೇ, ಸ್ಕ್ರೂ ಬಿಗಿ ಮಾಡಿದ್ದರೂ ಸರಿಯಾಗುತ್ತಿರಲಿಲ್ಲ. ಆದರೆ ಅದೇ ಚೌಕ ತೂತಿಗೆ ಚಪ್ಪಟೆ ತುದಿಯ ಸ್ಕ್ರೂ ಡ್ರೈವರ್ ಅಡ್ಡಡ್ಡ ಹಾಕಿದರೆ ಕಚ್ಚಿ ಹಿಡಿಯುತ್ತದೆ.

"ಇತ್ತ ಕೊಡ್ರಿ, ನಾ ಹೊರಗಿಂದ ತಗೀತೇನಿ," ಅಂದೆ.

"ನೀ ಹೇಳು. ನಾ ತಿರುವತೇನಿ," ಅಂದರು.

ನಾನು ಕಿಟಕಿಯಿಂದ ಹೇಳತೊಡಗಿದೆ. ಅತ್ತೆ ಸೆರಗು ಸಿಗಿಸಿ, ಬಿಗಿ ಮಾಡಿದ ಚಸ್ಮಾ ಏರಿಸಿ, ಬಾಗಿಲ ಮುಂದೆ ಬಗ್ಗಿದರು. ಮೊದಲು ಜಾರಿತು. "ಅಡ್ಡ ಹಾಕ್ರಿ, ಮೂಲಿಯಿಂದ ಮೂಲಿಗೆ," ಅಂದೆ. ಕಚ್ಚಿತು. ಎಡಕ್ಕೆ ತಿರುಗಿಸಿದರು, ಆಗಲಿಲ್ಲ. "ಉಣ್ಣೂ ಕೈ ಕಡೆ, ಮೆತ್ತಗ." ಟಕ್ ಎಂದು ಬೀಗದ ನಾಲಿಗೆ ಒಳಗೆ ಸರಿಯಿತು. ಅತ್ತೆ ಎಳೆದರು, ಬಾಗಿಲು ತೆರೆಯಿತು.

ಹೊರಗೆ ಬಸಣ್ಣ ಮಾವ ಭುಜದಿಂದ ಗುದ್ದಿ ಬಾಗಿಲು ಮುರಿಯಲು ಹಿಂದೆ ಸರಿದು ನಿಂತಿದ್ದರಂತೆ. ನಾನು ಸುತ್ತು ಹಾಕಿ ಓಡಿ ಬರುವಷ್ಟರಲ್ಲಿ ಅವರು ಹಾಗೇ ಭುಜ ಮುಂದೆ ಮಾಡಿಕೊಂಡು ನಿಂತಿದ್ದರು. ಎದುರಿಗೆ ಅತ್ತೆ, ನವಮಿಯ ದೇವಿ ಖಂಡೆ ಹಿಡಿದಂತೆ ಸ್ಕ್ರೂ ಡ್ರೈವರ್ ಹಿಡಿದು ನಿಂತಿದ್ದರು. ನಮ್ಮ ಮನೆಯವರು ಒಮ್ಮೆ ತಾಯಿಯನ್ನು, ಒಮ್ಮೆ ಆ ಹಳದಿ ಹಿಡಿಕೆಯನ್ನು ನೋಡಿ, ಬೆಕ್ಕಿನ ಮೇಲಿನ ಅನುಮಾನವನ್ನು ಅಲ್ಲೇ ಹಿಂತೆಗೆದುಕೊಂಡರು.

"ಅಕ್ಕಾ, ಎಮ್ಮಿ ನಾಡಿದ್ದ ಕಳಸಲ್ಯಾ?" ಎಂದು ಮಾವ ಭುಜ ಇಳಿಸಿ ಕೇಳಿದರು.

"ಎಮ್ಮಿ ಅಲ್ಲೇ ಇರಲಿ ತಮ್ಮಾ. ಇಲ್ಲಿ ಜಾಗಾ ಇಲ್ಲ."

"ಕಾರಿನ ಖೋಲಿ ಐತಿ ಅಂದಿದ್ದಿ?"

"ಅಲ್ಲಿ ನಮ್ಮ ಕೆಲಸ ಇರತಾವು," ಅಂದರು ಅತ್ತೆ.

ನನ್ನ ಸೊಸೆಯ ಕೆಲಸ ಅನ್ನಲಿಲ್ಲ, ನಮ್ಮ ಕೆಲಸ ಅಂದರು. ನಾನು ಅಡುಗೆಮನೆಗೆ ಹೋಗಿ, ಯಾರಿಗೂ ಕಾಣದಂತೆ ಕಣ್ಣು ಒರೆಸಿಕೊಂಡು, ಮಾವನಿಗೆ ಹೋಳಿಗೆಯ ಮೇಲೆ ಹೋಳಿಗೆ ಬಡಿಸಿದೆ.

ಅತ್ತೆ ಉಳಿದ ಊಟಕ್ಕೆ ಕೂರುವ ಮೊದಲು ಶೆಡ್ಡಿಗೆ ಹೋಗಿ, ಆ ಸ್ಕ್ರೂ ಡ್ರೈವರಿಗೆ ಅರಿಶಿನ ಕುಂಕುಮ ಹಚ್ಚಿ, ಹೂ ಏರಿಸಿ, ಉಳಿದವುಗಳ ಸಾಲಿನಲ್ಲಿ ಇಟ್ಟು ಕೈ ಮುಗಿದರು. ಅಲ್ಲಿಗೆ ಅದೂ ದೇವರಾಯಿತು, ಮುಟ್ಟುವಂತಿಲ್ಲ. ಹಾಗಾಗಿ ಅವರ ಬಾಗಿಲು ಮರುದಿನದವರೆಗೂ ಹಿಡಿಕೆ ಇಲ್ಲದೆ ತೆರೆದೇ ಇತ್ತು. ಬನ್ನಿ ಮುಡಿದು ಬಂದು, ಎಲ್ಲರಿಗೂ "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎಂದು ಎಲೆ ಕೊಟ್ಟ ಮೇಲೆ, ಬನ್ನಿ ಕೊಡಲು ಬಂದ ಓಣಿಯ ಹೆಣ್ಣುಮಕ್ಕಳ ಎದುರಿಗೇ ಅತ್ತೆ ನೆಲಕ್ಕೆ ಕುಳಿತರು. ನಾನು ಬಿಸ್ಕತ್ತಿನ ಡಬ್ಬಿಯ ತಗಡು ಕತ್ತರಿಸಿ ಆ ಸವೆದ ಸಲಾಕೆಗೆ ಸುತ್ತಿಕೊಟ್ಟೆ. ನಾಲ್ಕೂ ಸ್ಕ್ರೂ ಅವರೇ ಹಾಕಿದರು. ಹಿಡಿಕೆ ಇವತ್ತಿಗೂ ಅಲುಗಾಡಿಲ್ಲ. ಯಾರೇ ಮನೆಗೆ ಬರಲಿ, ಅತ್ತೆ ಅವರ ಕೈಯಿಂದ ಒಮ್ಮೆ ತಿರುಗಿಸಿಯೇ ಒಳಗೆ ಕರೆಯುತ್ತಾರೆ.

ಈಗ ಅವರ ಕುರ್ಚಿ ಮತ್ತೆ ಬೀದಿಯ ಕಿಟಕಿಗೆ ಹೋಗಿದೆ, ಆದರೆ ಅದರಲ್ಲಿ ಯಾರೂ ಕೂರುವುದಿಲ್ಲ. ಅತ್ತೆ ಶೆಡ್ಡಿನಲ್ಲಿ, ದೇವರ ನೆನಪು ತರಿಸುವ ಆ ಸ್ಟೂಲಿನ ಮೇಲೆ ಇರುತ್ತಾರೆ. ಅದರ ಉಳಿದ ಕಾಲುಗಳನ್ನು ರಂಧಾದಿಂದ ತಾವೇ ಹೆರೆದು ಸಮ ಮಾಡಿಕೊಂಡಿದ್ದಾರೆ. ಟೀಕೆ ಮಾತ್ರ ಕಡಿಮೆಯಾಗಿಲ್ಲ, ಈಗ ಹತ್ತಿರದಿಂದ ಕೇಳುತ್ತದೆ ಅಷ್ಟೆ.

ಗೋಡೆಯ ಹಲಗೆಯ ಮೇಲೆ ಎಲ್ಲ ಸಾಮಾನೂ ತಮ್ಮ ತಮ್ಮ ಗೆರೆಯೊಳಗೆ ಇವೆ, ಒಂದನ್ನು ಬಿಟ್ಟು. ಆ ಹಳದಿ ಹಿಡಿಕೆಯದ್ದು ಅತ್ತೆಯ ದಿಂಬಿನ ಕೆಳಗೇ ಇರುತ್ತದೆ. ನಾನು ಕೇಳುವುದಿಲ್ಲ, ಅವರು ಕೊಡುವುದಿಲ್ಲ. ಬೆಳಗ್ಗೆ ಶಟರ್ ಎತ್ತಿದ ಕೂಡಲೇ ನನ್ನ ಕಣ್ಣು ಮೊದಲು ಹೋಗುವುದು ಆ ಖಾಲಿ ನೀಲಿ ಗೆರೆಯ ಕಡೆಗೆ. ಅದು ಖಾಲಿ ಇದೆ ಎಂದು ನೋಡಿ ಸಮಾಧಾನವಾದ ಮೇಲೆಯೇ ನಾನು ಕೆಲಸಕ್ಕೆ ಕೈ ಹಾಕುವುದು.